ದೀಪದ ಹೊತ್ತಿನ ಕೋವಿ

ಇದನ್ನು ಹೇಳುವ ಧೈರ್ಯ ನನಗೆ ಹೇಗೆ ಬಂತೋ ನನಗೇ ತಿಳಿಯದು. ನಮ್ಮೂರಲ್ಲಿ ಕಥೆ ಹೇಳಬಲ್ಲವರಿಗೆ ಬರವಿಲ್ಲ. ನಾನೋ ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತವಳು, ಹಗಲೆಲ್ಲ ಗೋಲಿಸೋಡಾ ತುಂಬುವವಳು. ಒಂದು ಸಾಲು ಬರೆದರೆ ಸರಿಯಿದೆಯೇ ಎಂದು ಮತ್ತೆ ಮತ್ತೆ ಓದುತ್ತೇನೆ; ಸರಿಯಿದ್ದರೆ ಇನ್ನೂ ಅನುಮಾನ ಬರುತ್ತದೆ. ಆದರೆ ಕೋವಿ ಇದ್ದದ್ದು ನನ್ನ ಕೈಯಲ್ಲಿ. ಅದರ ವಿಷಯ ನಾನು ಹೇಳದಿದ್ದರೆ ಊರ ಯಜಮಾನರಾದ ಕೆಂಚೇಗೌಡರು ಹೇಳುತ್ತಾರೆ, ಈಗಾಗಲೇ ಹೇಳುತ್ತಲೂ ಇದ್ದಾರೆ, ಮತ್ತು ಅವರ ಬಾಯಲ್ಲಿ ಅದು ಬೇರೆಯೇ ಆಗಿದೆ. ಆದ್ದರಿಂದ ತಪ್ಪು ಒಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡು ಕೇಳಿ.

ನಮ್ಮೂರಿನ ಮನೆಗಳು ದೀಪ ಹಚ್ಚುವ ಹೊತ್ತಿಗೆ ಏಳುತ್ತವೆ. ಮೊದಲು ಗೂಡಿನಲ್ಲಿಟ್ಟ ಲೋಟಗಳು ಸಣ್ಣಗೆ ಕಿಣಿಗುಟ್ಟುತ್ತವೆ, ಆಮೇಲೆ ಮನೆ ನೆಲದಿಂದ ಒಂದು ಗೇಣು ಮೇಲೆದ್ದು, ಮಲಗಿದ್ದ ಎಮ್ಮೆ ಎದ್ದು ನಿಂತು ಯಾವ ಕಡೆ ಹೋಗಲಿ ಎಂದು ಯೋಚಿಸುವ ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗ ಕೆರೆ ಏರಿಯ ಕಟ್ಟೆಯ ಮೇಲಿಂದ ಒಂದು ಕೋವಿ ಹಾರಿಸಬೇಕು. ಸದ್ದು ಕೇಳಿದೊಡನೆ ಮನೆಗಳು ಕೂರುತ್ತವೆ. ಮಾರನೆಯ ದಿನ ದೀಪದ ಹೊತ್ತಿನವರೆಗೆ ತಂಟೆಯಿಲ್ಲ. ಹೊತ್ತಿಗೆ ಸರಿಯಾಗಿ ಹಾರಿಸಿದರೆ ಮನೆ ಬೆರಳಗಲ ಸರಿದಿರುತ್ತದೆ, ಅಷ್ಟೆ. ತಡವಾದರೆ ಮೇಯಲು ಹೊರಟುಬಿಡುತ್ತದೆ. ಹಿಂದೊಮ್ಮೆ ಕೋವಿಗೆ ಬದಲು ಡೋಲು ಬಾರಿಸಿ ನೋಡಿದರಂತೆ. ಮನೆಗಳಿಗೆ ಅದು ಇಷ್ಟವಾಗಿ ಎಲ್ಲವೂ ಡೋಲಿನವನ ಸುತ್ತ ಬಂದು ನಿಂತವಂತೆ. ಅವನನ್ನು ಈಚೆಗೆ ತೆಗೆಯಲು ಎರಡು ಗೋಡೆ ಒಡೆಯಬೇಕಾಯಿತಂತೆ. ಅದಕ್ಕೇ ಕೋವಿ.

ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಕಾಂಪೌಂಡು ಕಟ್ಟುವುದಿಲ್ಲ. ದೀಪದ ಹೊತ್ತಿಗೆ ಒಲೆ ಆರಿಸುತ್ತೇವೆ, ಕೂಸುಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ. ಲಗ್ನಪತ್ರಿಕೆಯಲ್ಲಿ ಮನೆಯ ವಿಳಾಸ ಹಾಕಿಸುವುದಿಲ್ಲ. ಇಲ್ಲಿ ಯಾರೂ ಇಂಥವರ ಪಕ್ಕದ ಮನೆಯವರು ಎಂದು ತಮ್ಮನ್ನು ಹೇಳಿಕೊಳ್ಳುವುದಿಲ್ಲ. ಸದ್ಯಕ್ಕೆ ಇಂಥವರ ಪಕ್ಕ ಇದ್ದೇವೆ ಎನ್ನುತ್ತಾರೆ. ಲಾರಿ ಓಡಿಸುವ ನನ್ನ ಗಂಡ ತಿಂಗಳಿಗೊಮ್ಮೆ ಬಂದಾಗ ಮೊದಲು ಟೀ ಅಂಗಡಿಯಲ್ಲಿ ನಿಂತು, ನಮ್ಮನೆ ಈಗ ಯಾವ ಕಡೆ ಮುಖ ಮಾಡೈತೆ ಎಂದು ಕೇಳಿ ತಿಳಿದುಕೊಂಡೇ ಹೊರಡುತ್ತಾನೆ.

ನನ್ನ ಮನೆಯೂ ನನ್ನ ಅಕ್ಕ ಚೆನ್ನಾಜಮ್ಮನ ಮನೆಯೂ ಒಂದು ಕಾಲದಲ್ಲಿ ಗೋಡೆಗೆ ಗೋಡೆ ತಾಗಿಕೊಂಡಿದ್ದವು. ಒಂದು ಮಳೆಗಾಲದ ಸಂಜೆ ಊರ ಕೋವಿಯವನಾದ ಬೋರಣ್ಣನ ಮದ್ದು ಒದ್ದೆಯಾಗಿ, ಅವನು ಒಣ ಮದ್ದು ತರುವಷ್ಟರಲ್ಲಿ ಅಕ್ಕನ ಮನೆ ಕೆರೆ ದಾಟಿ ಆಚೆ ದಡದಲ್ಲಿ ಕೂತಿತು. ಅಂದಿನಿಂದ ದಿನಾ ಮಧ್ಯಾಹ್ನ ಸಾರಿನ ಡಬ್ಬಿ ಹಿಡಿದು ಕೆರೆ ಸುತ್ತಿ ಹೋಗುವುದು ನನ್ನ ಕೆಲಸ. ಅಕ್ಕನಿಗೆ ಮಂಡಿ ನೋವು, ಅಷ್ಟು ದೂರ ನಡೆಯಲಾರಳು. ಅವಳ ಮನೆ ಬೆರಳಗಲದ ಲೆಕ್ಕದಲ್ಲಿ ಸರಿಯುತ್ತ ಸರಿಯುತ್ತ ನೀರಿನ ಅಂಚಿಗೇ ಬಂದಿತ್ತು. ಇನ್ನೊಂದು ಮಳೆಗಾಲ ಹೀಗೇ ಹೋದರೆ ಒಂದು ಸಂಜೆ ಕೆರೆಯೊಳಗೆ ಕೂರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಕಂಬಕ್ಕೆ ಹಗ್ಗ ಕಟ್ಟಿ ಜಗ್ಗಿ ನೋಡಿದ್ದೂ ಆಗಿತ್ತು, ಹಗ್ಗ ಹರಿದಿತ್ತು. ಅಕ್ಕ ಮಾತ್ರ ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ಕಿಟಕಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ, ಕೆರೆಗೆ ಬಿದ್ದರೆ ಮೀನು ಮನೆಬಾಗಿಲಿಗೇ ಬರುತ್ತವೆ ಎನ್ನುತ್ತಿದ್ದಳು.

ಬೋರಣ್ಣನ ಹಳೇ ಕೋವಿ ಬಿರುಕು ಬಿಟ್ಟಿತು, ಅದೇ ವರ್ಷ ಅವನ ಹೆಗಲೂ ಕೈಕೊಟ್ಟಿತು. ಊರಿನವರು ಸೇರಿ ಪೇಟೆಯಿಂದ ಹೊಸ ಕೋವಿ ತರಿಸಿದರು. ಅದು ಬೇಟೆಯ ಕೋವಿಯಲ್ಲ. ಪೋಲೀಸಿನವರು, ಸೈನಿಕರು ಹಿಡಿಯುವಂಥದ್ದು. ಕರ್ರಗೆ, ಗಿಡ್ಡಕ್ಕೆ, ನಳಿಗೆಯ ಕೆಳಗೆ ಹಿಂದಕ್ಕೂ ಮುಂದಕ್ಕೂ ಎಳೆಯುವ ಒಂದು ಪಂಪು. ಜೊತೆಗೆ ಟಾರ್ಚು, ಹೆಗಲ ಪಟ್ಟಿ, ಪಕ್ಕದಲ್ಲಿ ತೋಟಾ ಸಿಗಿಸಿಡುವ ಹಲಗೆ. ಇದನ್ನು ಯಾರು ಹಿಡಿಯಬೇಕು ಎಂಬ ಮಾತು ಬಂದಾಗ ಕೆಂಚೇಗೌಡರು ನನ್ನ ಹೆಸರು ಹೇಳಿದರು. ಸಂಜೆ ಶಾಲೆಯಲ್ಲಿ ಓದಿದವಳು, ಜೊತೆಗೆ ಸೋಡಾ ತುಂಬುವವಳಿಗೆ ಢಂ ಎನ್ನುವುದು ಹೊಸದಲ್ಲ ಎಂಬುದು ಅವರ ವಾದ. ಸೋಡಾ ಬಾಟಲಿ ಸಿಡಿಯುವಾಗಲೆಲ್ಲ ಇಷ್ಟು ವರ್ಷವೂ ಕಣ್ಣು ಮುಚ್ಚಿ ಮುಖ ತಿರುಗಿಸಿದವಳು ನಾನು ಎಂದು ಹೇಳಬೇಕೆಂದುಕೊಂಡೆ. ಹೇಳುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿಯಾಗಿತ್ತು.

ಕಲಿಸಲು ಬಂದವರು ಇಮಾಮ್‌ಸಾಬರು. ಪೇಟೆಯ ಬ್ಯಾಂಕೊಂದರ ಬಾಗಿಲಲ್ಲಿ ಕೋವಿ ಹಿಡಿದು ನಿಂತು ನಿವೃತ್ತರಾದವರು. ಇಷ್ಟು ವರ್ಷ ನಿಂತರೂ ಒಂದು ಸಲವೂ ಹಾರಿಸಲಿಲ್ಲ, ಅದೇ ನನ್ನ ಕಸುಬು ಎಂದು ಮೊದಲ ದಿನವೇ ಹೇಳಿದರು. ಸೋಡಾ ಶೆಡ್ಡಿನ ಮೇಜಿನ ಮೇಲೆ ಹಳೇ ಸೀರೆ ಹಾಸಿ ಕೋವಿಯ ಬಿಡಿಭಾಗಗಳನ್ನು ಹರಡಿದರು. ಜೊತೆಗೆ ಬಂದ ಪುಸ್ತಕ ಯಾವ ಭಾಷೆಯದೋ. ಚಿತ್ರ ನೋಡಿಕೊಂಡೇ ಜೋಡಿಸಬೇಕಿತ್ತು. ನಳಿಗೆ ಕೂರಿಸಿ ಮುಂದಿನ ಬಿರಡೆ ತಿರುಗಿಸುವುದು ಸೋಡಾ ಮಿಷಿನ್ನಿನ ಬಿರಡೆಗಿಂತ ಸುಲಭವಾಗಿತ್ತು. ಹೆಗಲಿಗೆ ಆನಿಸುವ ಬುಡ ನನ್ನ ಗಿಡ್ಡ ಕೈಗೆ ಉದ್ದವಾಯಿತು. ಸಾಬರು ಅದರೊಳಗಿನ ಒಂದು ಬಿಲ್ಲೆ ತೆಗೆದು ಮೊಟಕು ಮಾಡಿಕೊಟ್ಟರು. ಟಾರ್ಚನ್ನು ನಾನೇ ಬಿಗಿದೆ, ಬಹಳ ಅಚ್ಚುಕಟ್ಟಾಗಿ ಬಿಗಿದೆ ಎಂದುಕೊಂಡೆ. ಪಂಪು ಎಳೆದರೆ ಅರ್ಧಕ್ಕೇ ನಿಂತಿತು. ಅದರ ದಾರಿಗೇ ಅಡ್ಡವಾಗಿ ಟಾರ್ಚಿನ ಹಿಡಿಕೆ ಕೂರಿಸಿದ್ದೆ.

"ಅರ್ಧ ಎಳೆದ್ರೆ ಅರ್ಧ ಕೆಲಸನೂ ಆಗಕಿಲ್ಲ ಕಣವ್ವ ದೇವೀರಿ" ಎಂದರು ಸಾಬರು. "ಎಳೆದ್ರೆ ಪೂರಾ ಎಳಿ. ಇಲ್ಲಾಂದ್ರೆ ಮುಟ್ಟಲೇಬ್ಯಾಡ."

ಪೂರಾ ಎಳೆದರೆ ಹಳೇ ತೋಟಾ ಹೊರಗೆ ಹಾರಿ ಹೊಸದು ಒಳಗೆ ಬರುತ್ತದೆ. ಹೆದರಿಕೊಂಡು ಅರ್ಧ ಎಳೆದು ಬಿಟ್ಟರೆ ಹಳೆಯದೇ ಮತ್ತೆ ಒಳಗೆ ಹೋಗಿ ಕೂರುತ್ತದೆ, ಕೋವಿ ಮೂಕಾಗುತ್ತದೆ. ನನ್ನ ಜೀವಮಾನದ ರೋಗವೇ ಅದು. ಬಾಗಿಲನ್ನು ಅರ್ಧ ತೆರೆದು ಇಣುಕುವವಳು, ಮಾತನ್ನು ಅರ್ಧ ಆಡಿ ನುಂಗುವವಳು ನಾನು. ಮೊದಲ ದಿನಗಳಲ್ಲಿ ಪಂಪನ್ನೂ ಹಾಗೇ ಎಳೆದೆ. ಕೋವಿಯನ್ನು ನೆಂಟರ ಕೂಸು ಎತ್ತಿಕೊಂಡಂತೆ ಹಿಡಿಯಬೇಡ, ನಿನ್ನ ಕೂಸು ಎತ್ತಿಕೊಂಡಂತೆ ಹಿಡಿ ಎಂದು ಸಾಬರು ಗೇಲಿ ಮಾಡಿದರು. ಬುಡ ಹೆಗಲ ಗುಳಿಗೆ ಗಟ್ಟಿಯಾಗಿ ಆನಬೇಕು, ಕೆನ್ನೆ ಮರದ ಮೇಲೆ ಕೂರಬೇಕು, ಮೈ ಸ್ವಲ್ಪ ಮುಂದಕ್ಕೆ ಬಾಗಬೇಕು, ಹಾರಿಸುವ ಗಳಿಗೆಯವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಖಾಲಿ ಇದ್ದರೂ ಖಾಲಿ ಇಲ್ಲವೆಂದೇ ತಿಳಿಯಬೇಕು. ಕೋವಿಯ ಮೂಗು ಮನುಷ್ಯರ ಕಡೆ, ಮನೆಗಳ ಕಡೆ ತಿರುಗಲೇ ಕೂಡದು. ಇವನ್ನೆಲ್ಲ ನಾನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಬಾಯಿಪಾಠ ನನಗೆ ಒಲಿದ ವಿದ್ಯೆ.

ಒಲಿಯದ್ದು ಸದ್ದು. ಊರೊಳಗೆ ಹಗಲು ಹೊತ್ತಿನಲ್ಲಿ ಹಾರಿಸುವಂತಿಲ್ಲ. ಮಲಗಿದ ಮನೆಗಳು ಬೆಚ್ಚಿ ಹೆಂಚು ಉದುರಿಸುತ್ತವೆ. ಆದ್ದರಿಂದ ಕಲ್ಲುಕ್ವಾರಿಯ ಆಚೆಗೆ ಹೋಗಿ ಗುಂಡಿಲ್ಲದ, ಬರೀ ಸದ್ದಿನ ತೋಟಾ ಹಾರಿಸಿ ಕಲಿತೆವು. ಕಿವಿಗೆ ಹತ್ತಿ ತುರುಕಿಕೊಂಡಿದ್ದರೂ ಟ್ರಿಗರ್ ಒತ್ತುವ ಮುಂಚೆಯೇ ನನ್ನ ಕಣ್ಣು ಮುಚ್ಚುತ್ತಿತ್ತು, ಹೆಗಲು ಕುಗ್ಗುತ್ತಿತ್ತು. ಇದನ್ನು ನನಗೇ ತೋರಿಸಿಕೊಡಲು ಸಾಬರು ಒಂದು ಉಪಾಯ ಮಾಡಿದರು. ಹಾರಿಸಿದ ಹಳೇ ತೋಟಾಗಳಿಗೆ ಅಕ್ಕಿ ತುಂಬಿ ಮೇಣ ಮೆತ್ತಿ, ಗೊಡ್ಡು ತೋಟಾ ಎಂದು ಹೆಸರಿಟ್ಟರು. ಗುರುತಿಗೆ ಅದರ ಬುಡಕ್ಕೆ ಅಕ್ಕನ ಹತ್ತಿರವಿದ್ದ ಕೆಂಪು ಉಗುರುಬಣ್ಣ ಬಳಿದರು. ನನಗೆ ಕಾಣದಂತೆ ನಿಜವಾದವುಗಳ ನಡುವೆ ಒಂದು ಗೊಡ್ಡು ಸೇರಿಸಿ ಕೊಡುತ್ತಿದ್ದರು. ಅದರ ಸರದಿ ಬಂದಾಗ ಬರೀ ಟಕ್ ಎನ್ನುತ್ತಿತ್ತು. ಸದ್ದೇ ಇಲ್ಲ, ಆದರೂ ನನ್ನ ಕೋವಿಯ ಮೂಗು ನೆಲ ಮೂಸಿರುತ್ತಿತ್ತು.

"ನೋಡ್ದಾ, ಕೋವಿ ಸುಮ್ನೈತೆ, ನೀನೇ ಸಿಡಿದೆ" ಎನ್ನುತ್ತಿದ್ದರು.

ಟಕ್ ಎಂದರೆ ಏನು ಮಾಡಬೇಕೆಂಬುದನ್ನೂ ಕಲಿಸಿದರು. ಗಾಬರಿಯಾಗಿ ಕೋವಿ ಇಳಿಸಬಾರದು. ಕೆಲವು ತೋಟಾ ತಡವಾಗಿ ಸಿಡಿಯುತ್ತವೆ. ಮೂಗು ಆಕಾಶಕ್ಕೇ ಇಟ್ಟು, ಎರಡರ ಮಗ್ಗಿ ಪೂರ್ತಿ ಹೇಳಿ, ಆಮೇಲೆ ಪಂಪು ಎಳೆಯಬೇಕು. ಎರಡರ ಮಗ್ಗಿ ಬರುವವಳು ಶಿಷ್ಯೆಯಾಗಿ ಸಿಕ್ಕಿದ್ದು ನನ್ನ ಪುಣ್ಯ ಎಂದರು. ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಅಂದು ಅಕ್ಕನಿಗೆ ಒಯ್ದ ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೆನಂತೆ.

ಅಕ್ಕ ಅದೇ ಸಾರು ಉಣ್ಣುತ್ತ ಒಂದು ಮಾತು ತೆಗೆದಳು. ಕೋವಿ ಹೇಗೂ ನಿನ್ನ ಕೈಗೆ ಬರುತ್ತದೆ, ಒಂದು ಸಂಜೆ ತುಸು ತಡ ಮಾಡಿದರೆ ನನ್ನ ಮನೆ ಈಚೆ ದಡಕ್ಕೆ ಬಂದೀತು, ಇಲ್ಲವಾದರೆ ಈ ಮಳೆಗಾಲಕ್ಕೆ ಕೆರೆಯೇ ಗತಿ ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ನನ್ನ ಮೇಲಿತ್ತು. ಹಾಗೆ ಮಾಡುವಂತಿಲ್ಲ ಎಂದೆ. ಕೋವಿಯವರು ತಮ್ಮ ಮನೆಗೆ ಬೆನ್ನು ಕೊಟ್ಟು ನಿಲ್ಲಬೇಕೆಂಬುದು ಊರಿನ ಕಟ್ಟಳೆ. ತನ್ನ ಮನೆ ಎತ್ತ ಸರಿಯುತ್ತಿದೆ ಎಂದು ಕಣ್ಣಿಗೆ ಬಿದ್ದರೆ ಕೈ ತಡವಾದೀತು ಎಂದು ಹಿರಿಯರು ಮಾಡಿದ್ದು. ಬೆನ್ನು ಕೊಟ್ಟು ನಿಂತು ಮನಸ್ಸು ಮಾತ್ರ ತಿರುಗಿಸಿದರೆ ಆ ಕಟ್ಟಳೆಗೆ ಏನು ಬೆಲೆ?

"ಆಯ್ತು ಬಿಡೆ" ಎಂದಳು ಅಕ್ಕ. "ನೀನು ಹುಟ್ಟುವಾಗ್ಲೇ ಲೆಕ್ಕ ತಪ್ಪಬಾರದು ಅಂತ ಸೂಲಗಿತ್ತಿ ಹೇಳಿದ ದಿನಕ್ಕೇ ಹುಟ್ಟಿದೋಳು."

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಟ್ಟಳೆ ಮುರಿದರೆ ಊರಿಗೆ ಮುಖ ತೋರಿಸಲಾರೆ, ಮುರಿಯದಿದ್ದರೆ ಅಕ್ಕನ ಮನೆ ನೀರಿಗೆ. ಎರಡೂ ನನ್ನ ಒಂದು ಬೆರಳಿನ ಮೇಲೆ ಬಂದು ಕೂತಿದ್ದವು.

ಮೊದಲ ಸಂಜೆ ಬಂತು. ಅಕ್ಕನನ್ನು ಆ ಹೊತ್ತಿಗೆ ಹೊರಗೆ ಬಂದು ಕೂರು ಎಂದು ಬೇಡಿಕೊಂಡಿದ್ದೆ. ತಂಗಿ ಕೋವಿ ಹಿಡಿಯುವುದು ಕಿಟಕಿಯಿಂದಲೇ ಚೆನ್ನಾಗಿ ಕಾಣುತ್ತದೆ ಎಂದು ಕೇಳಲಿಲ್ಲ. ಮಧ್ಯಾಹ್ನ ಅವಳ ಜಗಲಿಯ ಮೇಲೆ ಕೂತು, ನಿಜವಾದವೂ ಗೊಡ್ಡುಗಳೂ ಇದ್ದ ಚೀಲದಿಂದ ಮೂರು ತೋಟಾಗಳನ್ನು ಎಣಿಸಿ ತೆಗೆದು, ಒರೆಸಿ, ತೋಟಾದ ಡಬ್ಬಿಗೆ ಹಾಕಿಕೊಂಡೆ. ಅಕ್ಕ ಅವನ್ನು ಕೈಗೆತ್ತಿಕೊಂಡು ಇಷ್ಟು ಸಣ್ಣದರಲ್ಲಿ ಅಷ್ಟು ಸದ್ದೇ ಎಂದು ತಿರುಗಿಸಿ ನೋಡಿದ್ದಳು. ಸಂಜೆ ಕಟ್ಟೆಯ ಹತ್ತಿರ ಸಾಬರೂ ಡಬ್ಬಿ ಇಸಿದುಕೊಂಡು ಒಮ್ಮೆ ನೋಡಿದರು. ಆಮೇಲೆ ನಾನೇ ಒಂದೊಂದಾಗಿ ಕೋವಿಯ ಹೊಟ್ಟೆಗೆ ತುಂಬಿದೆ. ಇಷ್ಟನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನನ್ನ ಮನೆಗೆ ಬೆನ್ನು ಕೊಟ್ಟು ನಿಂತೆ. ಹಾಗೆ ನಿಂತರೆ ಎದುರಿಗೆ ಕೆರೆ, ಕೆರೆಯ ಆಚೆ ಅಕ್ಕನ ಮನೆಯ ಕಿಟಕಿ. ಅದನ್ನು ಕಟ್ಟಳೆ ಮಾಡಿದವರು ಯೋಚಿಸಿರಲಿಲ್ಲ. ಊರೊಳಗಿಂದ ಲೋಟಗಳ ಕಿಣಿಕಿಣಿ ಕೇಳಿಸಿತು. ಮನೆಗಳು ಎದ್ದವು. ಬುಡ ಹೆಗಲಿಗೆ ಆನಿಸಿದೆ, ಕೆನ್ನೆ ಇಟ್ಟೆ, ಮೂಗನ್ನು ಆಕಾಶಕ್ಕೆ ಎತ್ತಿದೆ, ಸೇಫ್ಟಿ ತೆಗೆದೆ, ಕಣ್ಣು ಮುಚ್ಚಿ ಒತ್ತಿದೆ.

ಟಕ್.

ನಾನು ಕೋವಿ ಇಳಿಸದೆ ಎರಡೊಂದ್ಲ ಎರಡು ಎಂದು ಶುರುಮಾಡಿದೆ. ಎರಡಾರ್ಲ ಹನ್ನೆರಡಕ್ಕೆ ಬರುವಷ್ಟರಲ್ಲಿ ಕೆಂಚೇಗೌಡರ ಮನೆ ಕಟ್ಟೆಯ ಎಡಕ್ಕೆ ಸಾಗಿ ಹೋಯಿತು. ಜಗಲಿಯಲ್ಲಿ ಕೂತಿದ್ದ ಅವರು, ಇದೇನವ್ವ ಈ ಹೊತ್ತಲ್ಲಿ ಮಗ್ಗಿ ಒಪ್ಪಿಸ್ತಿದೀಯ ಎಂದು ಕೇಳುತ್ತಲೇ ದೂರವಾದರು. ಮಗ್ಗಿ ಮುಗಿಸಿ ಪಂಪು ಎಳೆದೆ. ಭಯಕ್ಕೆ ಅರ್ಧ ಎಳೆದೆ. ಒತ್ತಿದರೆ ಟಕ್ ಎಂದೂ ಅನ್ನಲಿಲ್ಲ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಸಾಬರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆಗ ನನ್ನ ಮೇಲೆ ನನಗೇ ಎಲ್ಲಿಲ್ಲದ ಸಿಟ್ಟು ಬಂದು, ಬಾವಿಯ ಹಗ್ಗ ಜಗ್ಗುವಂತೆ ಪಂಪನ್ನು ಕೊನೆಯವರೆಗೆ ಎಳೆದು ಮುಂದಕ್ಕೆ ನೂಕಿದೆ. ಹಳೇ ತೋಟಾ ಹಾರಿ ಕಟ್ಟೆಯ ಕಲ್ಲಿಗೆ ಬಿದ್ದು ಮೇಣ ಬಿಚ್ಚಿತು. ಅಕ್ಕಿ ಚೆಲ್ಲಿತು. ಅದು ಗೊಡ್ಡು.

ಹೊಸ ತೋಟಾ ಒಳಗೆ ಬಂದಿತ್ತು. ಇನ್ನು ಒತ್ತಿದರಾಯಿತು ಎಂದು ಮುಖ ಎತ್ತಿದವಳು ಅಲ್ಲೇ ನಿಂತುಬಿಟ್ಟೆ. ಅಕ್ಕನ ಮನೆ ಕೆರೆಯ ನಡುವಿನಲ್ಲಿತ್ತು. ನೀರಿನಿಂದ ಒಂದು ಗೇಣು ಮೇಲೆ, ಕಿಟಕಿಯಲ್ಲಿ ದೀಪ ಹಚ್ಚಿಕೊಂಡು, ತೆಪ್ಪದ ಹಾಗೆ ತೇಲಿ ಬರುತ್ತಿತ್ತು. ದೀಪದ ಬಿಂಬ ಅದರ ಅಡಿಯ ನೀರಲ್ಲಿ ನಡುಗುತ್ತಿತ್ತು. ಈಗ ಹಾರಿಸಿದರೆ ಅದು ಅಲ್ಲೇ ಕೂರುತ್ತದೆ.

ಹಿಂದಿನಿಂದ, ಪಕ್ಕದಿಂದ, ತೇಲುವ ಜಗಲಿಗಳಿಂದ ಜನ ಹೊಡಿ ಹೊಡಿ ಎನ್ನುತ್ತಿದ್ದರು. ಅವರದೂ ತಪ್ಪಲ್ಲ, ಅವರ ಮನೆಗಳು ಎಲ್ಲೆಲ್ಲಿಗೋ ಹೊರಟಿದ್ದವು. ಸಾಬರ ಮುಖ ನೋಡಿದೆ.

"ನನ್ನ ಯಾಕೆ ನೋಡ್ತೀಯವ್ವ? ಕೋವಿ ನಿನ್ನ ಕೈಲೈತೆ" ಎಂದರು.

ಅಷ್ಟರಲ್ಲಿ ಅಕ್ಕನ ದನಿ ನೀರಿನ ಮೇಲೆ ಬಂತು. ಅವಳು ಅವರೆಕಾಯಿ ಸುಲಿಯುವುದನ್ನು ಬಿಟ್ಟಿರಲಿಲ್ಲ.

"ದೇವೀರಿ, ನಿಧಾನಕ್ಕೆ ಕಣೆ. ಇನ್ನೂ ಅರ್ಧ ಮೊರ ಐತೆ."

ನಾನು ಕಾದೆ. ಕಟ್ಟಳೆ ಬೆನ್ನಿನ ವಿಷಯ ಹೇಳುತ್ತದೆ, ಕಾಯುವ ವಿಷಯ ಹೇಳುವುದಿಲ್ಲ ಎಂದೆಲ್ಲ ಆಮೇಲೆ ಯೋಚಿಸಿದ್ದು. ಆಗ ಏನನ್ನೂ ಯೋಚಿಸಲಿಲ್ಲ. ಅಕ್ಕನ ಮನೆಯ ಹಿತ್ತಿಲ ಮೆಟ್ಟಿಲನ್ನೇ ನೋಡುತ್ತಿದ್ದೆ. ಮನೆಯ ಮುಂಭಾಗ ದಡಕ್ಕೆ ಬಂತು, ಪಡಸಾಲೆ ಬಂತು, ಅಡುಗೆಮನೆ ಬಂತು. ಆ ಕೊನೆಯ ಮೆಟ್ಟಿಲು ನೀರಿನ ಅಂಚು ದಾಟಿತೋ ಇಲ್ಲವೋ ಎಂದು ಕಣ್ಣರಳಿಸಿ ನೋಡುತ್ತಿರುವಾಗಲೇ ಬೆರಳು ತಾನಾಗಿ ಒತ್ತಿತು.

ಢಂ ಎಂದಿತು. ಕಣ್ಣು ತೆರೆದೇ ಇತ್ತು. ಕೋವಿಯ ಮೂತಿಯಲ್ಲಿ ಬೆಂಕಿ ಹೂವಾಗಿ ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ಚೆಂದವಿದೆ ಎಂದು ಯಾರೂ ಹೇಳಿರಲಿಲ್ಲ. ಊರಿನ ಮನೆಗಳೆಲ್ಲ ಒಟ್ಟಿಗೆ ಧೊಪ್ ಎಂದು ಕೂತವು. ಮುಂದಕ್ಕೆ ಬಾಗಿ ನಿಲ್ಲುವುದನ್ನು ಮರೆತಿದ್ದೆ. ಕೋವಿಯ ಒದೆತಕ್ಕೆ ಹಿಂದಕ್ಕೆ ಮುಗ್ಗರಿಸಿ, ಕಟ್ಟೆಯಿಂದ ಬಿದ್ದೆ ಎಂದುಕೊಂಡರೆ ಬೆನ್ನಿಗೆ ಒಂದು ಬಾಗಿಲು ತಾಗಿ ಕಿರ್ರೆಂದು ತೆರೆದುಕೊಂಡಿತು. ನನ್ನ ಮನೆಯದೇ ಬಾಗಿಲು. ನಾನು ಬೆನ್ನು ಕೊಟ್ಟು ನಿಂತ ಹೊತ್ತಿನಲ್ಲಿ ಅದು ಮೆಲ್ಲಗೆ ನಡೆದುಬಂದು ನನ್ನ ಹಿಂದೆಯೇ ನಿಂತಿತ್ತು. ಹೀಗೆ ಮೊದಲ ಕೋವಿ ಹಾರಿಸಿ ನಾನು ನನ್ನ ಪಡಸಾಲೆಯಲ್ಲಿ ಕುಂಡಿ ಊರಿ ಕೂತೆ. ಆಗಲೂ ಕೋವಿಯ ಮೂಗು ಮೇಲಕ್ಕೇ ಇತ್ತು, ಬೆರಳು ಹೊರಗೇ ಇತ್ತು. ಸಾಬರು ಎಲ್ಲಕ್ಕಿಂತ ಮೊದಲು ನೋಡಿದ್ದು ಅದನ್ನೇ.

ಮಾರನೆಯ ಬೆಳಿಗ್ಗೆ ನ್ಯಾಯ ಸೇರಿತು. ಕೆಂಚೇಗೌಡರ ಮನೆ ಕ್ಷೌರದಂಗಡಿಯ ಗೋಡೆಗೆ ಮುಖ ಮಾಡಿ ಕೂತಿತ್ತು. ಅವರು ಅಡುಗೆಮನೆಯ ಬಾಗಿಲಿಂದ ಈಚೆ ಬಂದಿದ್ದರು, ಪೇಟಕ್ಕೆ ಒಗ್ಗರಣೆಯ ವಾಸನೆ ಹತ್ತಿತ್ತು. ನನ್ನಿಂದ ಕೋವಿ ಕಿತ್ತುಕೊಳ್ಳಬೇಕೆಂದರು. ನಾನೂ ಹಾಗೇ ಅಂದುಕೊಂಡು ಕೋವಿಯನ್ನು ಒರೆಸಿ, ಖಾಲಿ ಮಾಡಿ, ಪಂಪು ತೆರೆದಿಟ್ಟು ತಂದಿದ್ದೆ. ಆದರೆ ಗೌಡತಿಯವರು, ಇಷ್ಟು ವರ್ಷ ಜಗಲಿಯಲ್ಲಿ ಕೂತು ಹೋಗುತ್ತಿದ್ದ ಊರ ಸುದ್ದಿ ಈಗ ಅಡುಗೆಮನೆಯ ಬಾಗಿಲಿಂದ ಮೊದಲು ನನ್ನ ಒಲೆಯ ಮುಂದೆ ಬರುತ್ತದೆ, ಇದು ಹೀಗೇ ಇರಲಿ ಎಂದರು. ಸೋಡಾ ಶೆಡ್ಡು ಟೀ ಅಂಗಡಿಯ ಮಗ್ಗುಲಿಗೆ ಬಂದಿತ್ತು, ಇಬ್ಬರಿಗೂ ವ್ಯಾಪಾರ. ಬೇಸರವಾದವರೂ ಇದ್ದರು, ಇಲ್ಲವೆನ್ನಲಾರೆ. ಆದರೆ ಮನೆಯೊಂದು ಕೆರೆಯಲ್ಲಿ ಕೂರಬೇಕಿತ್ತು ಎನ್ನುವ ಬಾಯಿ ಯಾರಿಗೂ ಇರಲಿಲ್ಲ. ಕೊನೆಗೆ, ತೋಟಾ ತುಂಬುವಾಗ ಒಬ್ಬರು ನೋಡುತ್ತಿರಬೇಕು ಎಂದು ಗೊತ್ತುಮಾಡಿ ಎದ್ದರು.

ಈಗ ಕಟ್ಟೆಯ ಒಂದು ಕಡೆ ನನ್ನ ಬಾಗಿಲು, ಇನ್ನೊಂದು ಕಡೆ ಅಕ್ಕನ ಬಾಗಿಲು. ಅವಳ ಹಿತ್ತಿಲ ಕೊನೆಯ ಮೆಟ್ಟಿಲು ಮಾತ್ರ ನೀರಿನಲ್ಲಿದೆ. ಕಾಲು ಇಳಿಬಿಟ್ಟು ಕೂತರೆ ಮಂಡಿಗೆ ಹಿತವಂತೆ. ಸಂಜೆ ಅಲ್ಲಿಂದೆದ್ದು ಬಂದು, ನಾನು ತೋಟಾ ತುಂಬುವುದನ್ನು ನೋಡುವ ಆ ಒಬ್ಬರು ಅವಳೇ ಆಗಿದ್ದಾಳೆ. ನಾನು ಹೊತ್ತಿಗೆ ಸರಿಯಾಗಿ ಹಾರಿಸುತ್ತೇನೆ, ಕಣ್ಣು ಬಿಟ್ಟೇ.

ಆ ಗೊಡ್ಡು ಹೇಗೆ ಬಂತು ಎಂಬುದಕ್ಕೆ ಉತ್ತರವಿಲ್ಲ. ಅದನ್ನು ಎತ್ತಿ ನೋಡಿದೆ. ಬುಡದ ಕೆಂಪು ಬಣ್ಣ ಇರಲಿಲ್ಲ, ಯಾರೋ ಕೆರೆದಿದ್ದರೋ ಉಜ್ಜಿ ಉಜ್ಜಿ ತಾನೇ ಹೋಗಿತ್ತೋ ಹೇಳಲಾರೆ. ಅಕ್ಕನನ್ನು ಕೇಳಿದರೆ ಅವರೆಕಾಳು ಬಾಯಿಗೆ ಹಾಕಿಕೊಂಡು, ಸಾಬರನ್ನು ಕೇಳು ಎನ್ನುತ್ತಾಳೆ. ಸಾಬರು ಶಿಷ್ಯೆಯ ಪರೀಕ್ಷೆ ಮಾಡುವುದು ಗುರುವಿನ ಧರ್ಮ, ಆದರೆ ನಾನು ಮಾಡಿಲ್ಲ ಎಂದು ನಗುತ್ತಾರೆ. ತೋಟಾ ಒರೆಸಿದ್ದು, ಎಣಿಸಿದ್ದು, ತುಂಬಿದ್ದು ನನ್ನ ಕೈಗಳೇ. ಅವುಗಳನ್ನು ಎಷ್ಟೋ ಸಲ ಮುಂದಿಟ್ಟುಕೊಂಡು ನೋಡಿದ್ದೇನೆ. ನನಗೆ ಗೊತ್ತಿಲ್ಲ.